ಯಂತ್ರದ ಕೈಗೆ ಸಿಗದ ಕ್ರೋಶಾ

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಓಡಾಡುವಾಗ ಕ್ರೋಶಾದ ಪುಟ್ಟ ಚೀಲವೋ ಮಗುವಿನ ಟೋಪಿಯೋ ಕಣ್ಣಿಗೆ ಬಿದ್ದರೆ ಒಂದು ಮಾತು ನೆನಪಿಡಿ: ಅದನ್ನು ಯಾರೋ ಒಬ್ಬರು ಕೂತು, ಕೈಯಲ್ಲೇ ಹೆಣೆದಿದ್ದಾರೆ. ಸ್ವೆಟರಿಗೆ ಯಂತ್ರವಿದೆ, ಲೇಸಿಗೆ ಯಂತ್ರವಿದೆ, ಕಸೂತಿಯನ್ನೂ ಈಗ ಕಂಪ್ಯೂಟರ್ ಹಾಕಿಕೊಡುತ್ತದೆ. ಕ್ರೋಶಾಕ್ಕೆ ಮಾತ್ರ ಕಾರ್ಖಾನೆಯ ಯಂತ್ರ ಇವತ್ತಿಗೂ ಬಂದಿಲ್ಲ. ನೋಡಲು ಹಾಗೇ ಕಾಣುವ ಬಟ್ಟೆ ಮಿಲ್ಲಿನಿಂದ ಬರುತ್ತದೆ, ಆದರೆ ಆ ಹೆಣಿಗೆಯೇ ಬೇರೆ. ಕ್ರೋಶಾದಲ್ಲಿ ತುದಿಗೆ ಕೊಕ್ಕೆಯಿರುವ ಕಡ್ಡಿಯು ಆಗಲೇ ಹಾಕಿ ಮುಗಿಸಿದ ಹೊಲಿಗೆಯೊಳಗೆ ಮತ್ತೆ ಹೊಕ್ಕು ದಾರ ಎಳೆದು ತರಬೇಕು. ಎಲ್ಲಿ ಹೊಗಬೇಕು ಅನ್ನುವುದನ್ನು ಪ್ರತಿ ಸಲವೂ ಬೆರಳು ತಡಕಿ ಕಂಡುಕೊಳ್ಳಬೇಕು. ಯಂತ್ರ ಸೋತದ್ದು ಅಲ್ಲೇ.

ಈ ಕೊಕ್ಕೆ ಎಲ್ಲಿಂದ ಬಂತು? ಬನಶಂಕರಿಯಲ್ಲಿ, ಬಿಟಿಎಂ ಲೇಔಟಿನಲ್ಲಿ ಸುತ್ತಾಡಿದವರಿಗೆ ‘ಆರಿ ವರ್ಕ್’ ಎಂಬ ಬೋರ್ಡು ಹೊಸದೇನಲ್ಲ. ಮದುವೆಯ ಬ್ಲೌಸಿನ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಕೆಳಗಿನ ದಾರವನ್ನು ಮೇಲಕ್ಕೆಳೆದು ಸರಪಳಿ ಕಟ್ಟುವ ಕೆಲಸ ಅದು. ಪೂರ್ವದೇಶಗಳ ಈ ಕೈಚಳಕ 18ನೇ ಶತಮಾನದ ಯೂರೋಪಿನಲ್ಲಿ ‘ಟ್ಯಾಂಬೂರ್’ ಕಸೂತಿಯಾಗಿ ಶ್ರೀಮಂತರ ಮನೆ ಹೆಂಗಸರಿಗೆ ಹುಚ್ಚು ಹಿಡಿಸಿತು. ಆಮೇಲೆ ಯಾರೋ ಪುಣ್ಯಾತ್ಗಿತ್ತಿ ಬಟ್ಟೆಯನ್ನೇ ಕಿತ್ತುಹಾಕಿ ಬರಿಯ ಗಾಳಿಯಲ್ಲಿ ಸರಪಳಿ ಹೆಣೆದಳು. ಪಂಡಿತರು ಈ ಬಗ್ಗೆ ಇನ್ನೂ ವಾದ ಮಾಡುತ್ತಾರೆ, ಮಾಡಲಿ. ಆರಿ ಸೂಜಿ ಮತ್ತು ಕ್ರೋಶಾ ಕಡ್ಡಿ ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಅವು ಅಕ್ಕತಂಗಿಯರೆಂದು ಗೊತ್ತಾಗುತ್ತದೆ. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ: 1823ರ ಹೊತ್ತಿಗೆ ಹಾಲೆಂಡಿನ ‘ಪೆನೆಲೋಪೆ’ ಪತ್ರಿಕೆಯಲ್ಲಿ ಕ್ರೋಶಾದ ಮಾದರಿಗಳು ಅಚ್ಚಾದವು, 1840ರ ದಶಕದಲ್ಲಿ ಲಂಡನ್ನಿನಲ್ಲಿ ಮಾದರಿ ಪುಸ್ತಕಗಳು ಬಂದವು, ವಿಕ್ಟೋರಿಯಾ ರಾಣಿಯೂ ಕಡ್ಡಿ ಹಿಡಿದಳು.

ಆದರೆ ಈ ಕಲೆಗೆ ಜೀವ ಬಂದದ್ದು ಅರಮನೆಯಲ್ಲಲ್ಲ, ಬರಗಾಲದಲ್ಲಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಆಗ ಕ್ಲೋನ್ಸ್ ಎಂಬ ಪುಟ್ಟ ಊರಿನಲ್ಲಿ ಪಾದ್ರಿಯ ಹೆಂಡತಿ ಕ್ಯಾಸಾಂಡ್ರಾ ಹ್ಯಾಂಡ್ ಒಂದು ಕೆಲಸ ಮಾಡಿದಳು. ನನಗೆ ಇವಳ ಮೇಲೆ ಬಹಳ ಗೌರವ. ದಾನದ ಗಂಜಿ ಇವತ್ತಿಗಾಯಿತು, ನಾಳೆಗೆ? ಅವಳು ಕಿಲ್ಡೇರ್ ಕಡೆಯಿಂದ ಕ್ರೋಶಾ ಕಲಿಸುವವರನ್ನು ಕರೆಸಿ, ಊರಿನ ಹೆಂಗಸರ ಕೈಗೆ ಕಡ್ಡಿ ಕೊಟ್ಟಳು. ವೆನಿಸ್ಸಿನ ಸೂಜಿ ಲೇಸಿಗೆ ತಗಲುವ ಸಮಯದ ಒಂದು ಸಣ್ಣ ಪಾಲಿನಲ್ಲೇ ಇವರ ಲೇಸು ಸಿದ್ಧವಾಗುತ್ತಿತ್ತು. ಗುಲಾಬಿ, ದ್ರಾಕ್ಷಿ, ಮೂರೆಲೆಯ ಶ್ಯಾಮ್‌ರಾಕ್ ಇವನ್ನೆಲ್ಲ ಬಿಡಿಬಿಡಿಯಾಗಿ ಹೆಣೆದು, ನಡುವೆ ಗಂಟುಗಂಟಾದ ಬಲೆ ಕಟ್ಟಿ ಜೋಡಿಸುತ್ತಿದ್ದರು. ಆ ಗಂಟಿಗೆ ಇವತ್ತಿಗೂ ಆ ಊರಿನದೇ ಹೆಸರು. ಒಂದೊಂದು ಮನೆತನಕ್ಕೂ ತನ್ನದೇ ಹೂವಿನ ಮಾದರಿ. ಹೊರಗಿನವರು ಬಂದರೆ ಕೆಲಸವನ್ನು ಬಚ್ಚಿಡುತ್ತಿದ್ದರಂತೆ. ಇಡೀ ಮನೆಯ ಅನ್ನ ಆ ಹೂವಿನಲ್ಲಿತ್ತಲ್ಲ, ಬಚ್ಚಿಡದೆ ಏನು ಮಾಡಿಯಾರು?

ಅದೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳಿಂದ ಗೋದಾವರಿ ತೀರದವರೂ ಕ್ರೋಶಾ ಕಲಿತರು. ಅಲ್ಲಿನ ನರಸಾಪುರದ ಲೇಸು ದೇಶವಿದೇಶಕ್ಕೆ ಹೋಯಿತು, 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿತು. ಇಲ್ಲಿ ಒಂದು ಸಂಕಟವನ್ನೂ ಹೇಳಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ನರಸಾಪುರದ ಹೆಂಗಸರ ಬಗ್ಗೆ ಇಡೀ ಪುಸ್ತಕ ಬರೆದರು. ದಿನಕ್ಕೆ ಆರೆಂಟು ಗಂಟೆ ಹೆಣೆದರೂ ಸಿಗುತ್ತಿದ್ದದ್ದು ಕನಿಷ್ಠ ಕೂಲಿಗಿಂತ ಬಹಳ ಕಡಿಮೆ. ಯಾಕೆಂದರೆ ಲೋಕ ಅವರನ್ನು ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರೆಂದೇ ಕರೆಯಿತು. ಲೇಸು ಮಾರುಕಟ್ಟೆಗೆ ಹೋಯಿತು, ಹೆಣೆದವಳು ಜಗಲಿ ದಾಟಲಿಲ್ಲ.

ನಮ್ಮಲ್ಲೂ ಮಿಷನ್ ಶಾಲೆಗಳು ಓದುಬರಹದ ಜೊತೆಗೆ ಸೂಜಿಗೆಲಸ ಕಲಿಸಿದವು. ಶಾಸನತಜ್ಞ ಬಿ.ಎಲ್. ರೈಸ್ ಅವರ ತಾಯಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳ ಶಾಲೆ ನಡೆಸಿದ್ದು 1840ರ ದಶಕದಲ್ಲಿ. ಒಂದು ಶತಮಾನ ದಾಟಿ ಬಂದರೆ, ಜಯನಗರ ಬಡಾವಣೆ ತಲೆಯೆತ್ತಿದ್ದು 1948ರಿಂದ ಈಚೆಗೆ. ಅಲ್ಲಿನ ಹೆಂಚಿನ, ತಾರಸಿಯ ಮನೆಗಳಿಗೆ ಹೊಸ ಸಾಮಾನು ಬಂದಾಗಲೆಲ್ಲ ಅದರ ಮೇಲೆ ಒಂದು ಕ್ರೋಶಾ ಹೊದಿಕೆ ಬಿತ್ತು. ರೇಡಿಯೋಗೆ, ಟೀಪಾಯಿಗೆ, ಆಮೇಲೆ ಟೀವಿಗೆ, ಫೋನಿಗೆ. ಅಂಚಿಗೆ ಮಣಿ ಪೋಣಿಸಿದ ಹಾಲಿನ ಪಾತ್ರೆಯ ಮುಚ್ಚಳ, ಬಾಗಿಲಿನ ತೋರಣ. ಕಡ್ಡಿಗಳು ಬರುತ್ತಿದ್ದದ್ದು ನೀಲಗಿರಿಯ ಕೇತ್ತಿಯಿಂದ. ಅಲ್ಲಿ 1949ರಲ್ಲಿ ಶುರುವಾದ ಸೂಜಿ ಕಾರ್ಖಾನೆಯ ‘ಪೋನಿ’ ಕಡ್ಡಿ ಇವತ್ತಿಗೂ ಸಿಗುತ್ತದೆ. ದಾರ ‘ಆಂಕರ್’ ಬ್ರ್ಯಾಂಡಿನದು.

ಈಗ ಕಾಲ ತಿರುಗಿದೆ. ಜೆ.ಪಿ. ನಗರದ ಕಾಲೇಜು ಹುಡುಗಿಯರು, ಹುಡುಗರೂ, ಮೊಬೈಲು ನೋಡಿಕೊಂಡು ಕಲಿಯುತ್ತಿದ್ದಾರೆ. ಹೊಸಬರಿಗೆ ನನ್ನ ಮಾತು ಕೇಳಿ: ಅಜ್ಜಿಯ ಸಣ್ಣ ಉಕ್ಕಿನ ಕಡ್ಡಿಯನ್ನು ಸದ್ಯಕ್ಕೆ ಎತ್ತಿಡಿ. 4 ಮಿಲಿಮೀಟರಿನ ಕಡ್ಡಿ, ತಿಳಿ ಬಣ್ಣದ ದಪ್ಪ ನೂಲು ತನ್ನಿ. ಕಪ್ಪು ನೂಲಿನಲ್ಲಿ ಹೊಲಿಗೆ ಕಾಣುವುದೇ ಇಲ್ಲ. ಜಾರುಗಂಟು ಹಾಕಿ, 20 ಚೈನು ಎಳೆಯಿರಿ, ಕೈ ಹದಕ್ಕೆ ಬರುವವರೆಗೆ ಬಿಚ್ಚಿ ಮತ್ತೆ ಎಳೆಯಿರಿ. ಚೌಕ ಹೆಣೆಯಲು ಹೋಗಿ ತ್ರಿಕೋನವಾದರೆ ಸಾಲಿನ ಕೊನೆಯ ಹೊಲಿಗೆ ತಪ್ಪುತ್ತಿದೆ ಎಂದರ್ಥ, ಪ್ರತಿ ಸಾಲೂ ಎಣಿಸಿ. ಹಳೆಯ ಮಾದರಿ ಪುಸ್ತಕಗಳಲ್ಲಿ ಬ್ರಿಟಿಷ್ ಲೆಕ್ಕವಿರುತ್ತದೆ, ವಿಡಿಯೋಗಳಲ್ಲಿ ಹೆಚ್ಚಾಗಿ ಅಮೆರಿಕದ್ದು. ಬ್ರಿಟಿಷರು ಡಬಲ್ ಅನ್ನುವ ಹೊಲಿಗೆಯೇ ಅಮೆರಿಕದವರ ಸಿಂಗಲ್. ಎರಡನ್ನೂ ಬೆರೆಸಿದರೆ ಟೋಪಿ ತಲೆಗೆ ಹಿಡಿಸುವುದಿಲ್ಲ. ಧೈರ್ಯವಾಗಿರಿ: ಎರಡು ಸೂಜಿಯ ಹೆಣಿಗೆಯಲ್ಲಿ ಸಾಲುಸಾಲು ಕುಣಿಕೆ ಜಾರಬಹುದು, ಇಲ್ಲಿ ಕಡ್ಡಿಯ ಮೇಲಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ.

ಮನೆಯಲ್ಲಿ ಯಾರಾದರೂ ಇದು ಬುದ್ಧಿಯ ಕೆಲಸವಲ್ಲ ಅಂದರೆ ಡೈನಾ ತೈಮಿನಾ ಹೆಸರು ಹೇಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಈ ಗಣಿತಜ್ಞೆ 1997ರಲ್ಲಿ, ಕಾಗದದ ಮಾದರಿಗಳು ಹರಿದುಹೋಗುತ್ತಿದ್ದ ಹೈಪರ್ಬಾಲಿಕ್ ಸಮತಲವೆಂಬ ಜ್ಯಾಮಿತಿಯ ಬಾಗಿದ ಮೇಲ್ಮೈಯನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಉಪಾಯ ಸರಳ: ಇಂತಿಷ್ಟು ಹೊಲಿಗೆಗೊಂದು ಹೊಲಿಗೆ ಹೆಚ್ಚಿಸುತ್ತ ಹೋಗುವುದು. ಅಂಚು ನೆರಿಗೆನೆರಿಗೆಯಾಗಿ, ಗಾಂಧಿ ಬಜಾರಿನಲ್ಲಿ ಮಾರುವ ಕೋಳಿಜುಟ್ಟಿನ ಹೂವಿನ ಹಾಗೆ ಮುದುಡುತ್ತದೆ.

ನನ್ನ ಕೊರಗು ಒಂದೇ. ಕ್ಲೋನ್ಸಿನ ಗಂಟಿಗೆ ಊರಿನ ಹೆಸರಾದರೂ ಉಳಿಯಿತು. ನಮ್ಮ ತಾಯಂದಿರ ಮಾದರಿಗಳು ಕೈಯಿಂದ ಕೈಗೆ ಹೋದವು, ಕಾಗದಕ್ಕೆ ಬರಲಿಲ್ಲ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ ಟ್ರಂಕಿನ ಜೊತೆ ಅವೂ ಹೋದವು. ಆದ್ದರಿಂದ ಬೇಡಿಕೊಳ್ಳುತ್ತೇನೆ, ನಿಮ್ಮ ಮನೆಯಲ್ಲಿ ಒಂದು ತುಂಡಾದರೂ ಉಳಿದಿದ್ದರೆ ಈ ವಾರವೇ ತೆಗೆದು ಹರಡಿ. ಯಾರು ಹೆಣೆದದ್ದು, ಯಾರಿಂದ ಕಲಿತದ್ದು, ಯಾವ ವರ್ಷ, ಇವನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಇನ್ನು, ಕ್ರೋಶಾ ಮಾರುವವರ ಹತ್ತಿರ ಚೌಕಾಸಿ ಮಾಡಬೇಡಿ. ಒಂದು ಅಂಗೈಯಗಲ ಹೆಣೆದು ನೋಡಿ, ಅವರು ಹೇಳಿದ ಬೆಲೆ ಕಡಿಮೆಯೇ ಆಯಿತೆಂದು ನಿಮಗೇ ತಿಳಿಯುತ್ತದೆ.