ಮನೆವಾರ್ತೆಯವನೂ ನೀರುಗಂಟಿಯೂ



ಬೈಬಲ್ಲಿನ ಹಳೆಯ ಕನ್ನಡ ಅನುವಾದದಲ್ಲಿ 'ಮನೆವಾರ್ತೆಯವನು' ಎಂಬ ಪದವೊಂದಿದೆ. ಇಂದಿನ ಕಿವಿಗೆ ಅದು ಸುದ್ದಿ ಹೇಳುವವನು ಎಂಬಂತೆ ಕೇಳಿಸೀತು. ಇಲ್ಲಿ ವಾರ್ತೆ ಎಂದರೆ ಸುದ್ದಿಯಲ್ಲ, ಬದುಕಿನ ಏರ್ಪಾಡು. ಕೌಟಿಲ್ಯ ಬೇಸಾಯ, ಪಶುಪಾಲನೆ, ವ್ಯಾಪಾರ ಮೂರನ್ನೂ ಸೇರಿಸಿ ವಾರ್ತೆ ಎಂದ. ಯಜಮಾನನ ಮನೆಯ ಕಣಜ, ಆಳುಕಾಳು, ಲೆಕ್ಕಪತ್ರ ನೋಡಿಕೊಳ್ಳುವವನೇ ಮನೆವಾರ್ತೆಯವನು. ಬೀಗದ ಕೈ ಅವನ ಬಳಿ ಇದ್ದರೂ ಕಣಜ ಅವನದಲ್ಲ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಅವನ ಮುಖ್ಯ ಕೆಲಸವನ್ನು ಯೇಸು ಹೇಳುತ್ತಾನೆ: ಮನೆಯ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಅವರ ಪಾಲಿನ ಕಾಳು ಅಳೆದುಕೊಡುವುದು.

ಮಧುಗಿರಿ, ಶಿರಾ ಕಡೆಯ ಹಿರಿಯರಿಗೆ ಇಂಥವನು ಅಪರಿಚಿತನಲ್ಲ. ಕೆರೆಯ ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿ ಇದೇ ಬಗೆಯವನು. ನೀರು ಅವನದಲ್ಲ, ಸರದಿ ನೋಡುವ ಹೊಣೆ ಅವನದು. ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ತಲುಪಿಸಿ, ಸುಗ್ಗಿಯಲ್ಲಿ ಕಣದಿಂದ ತನ್ನ ಆಯ ಪಡೆಯುತ್ತಿದ್ದ. ಎಲ್ಲ ಊರಲ್ಲೂ ನ್ಯಾಯವಾಗಿ ನಡೆಯಿತೆಂದು ನಾನು ಹೇಳುವುದಿಲ್ಲ. ಊರಗೌಡರ ಮಾತು ಮೀರುವುದು ಅವನಂಥ ಬಡವನಿಗೆ ಸುಲಭವಿರಲಿಲ್ಲ. ಆದರೂ ಕೊಳವೆಬಾವಿಗೆ ಅಂಥ ನೀರುಗಂಟಿಯೂ ಇಲ್ಲ. ನೆಲದಡಿಯ ನೀರು ಎಲ್ಲರದು, ಮೋಟಾರಿನ ಸ್ವಿಚ್ಚು ಒಬ್ಬನದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದುಹೋಗುವ ಜಯಮಂಗಲಿಯ ಮರಳು ಲಾರಿ ಹತ್ತಿದ್ದೂ ಹೀಗೆಯೇ.

ಕ್ರೈಸ್ತಧರ್ಮವೇ ಇಂಥ ದುರಾಸೆಗೆ ದಾರಿ ಮಾಡಿತೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಬರೆದರು. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ಕೊಡುತ್ತದಲ್ಲ! ಆಪಾದನೆ ಪೂರ್ತಿ ಸುಳ್ಳಲ್ಲ. ಆದರೆ ಎರಡನೇ ಅಧ್ಯಾಯದಲ್ಲಿ ಆದಾಮನನ್ನು ತೋಟದಲ್ಲಿ ಇರಿಸುವಾಗ ಹೀಬ್ರೂ ಮೂಲ ಎರಡು ಕ್ರಿಯಾಪದ ಬಳಸುತ್ತದೆ. ಒಂದು 'ಆಬದ್', ದುಡಿ ಎಂದೂ ಸೇವೆ ಮಾಡು ಎಂದೂ ಅರ್ಥ. ಇನ್ನೊಂದು 'ಶಾಮರ್', ಕಾಯಿ, ಕಾಪಾಡು. ಬೆವರು, ಮುಳ್ಳು, ಶಾಪದ ಮಾತು ಬರುವುದು ಮೂರನೇ ಅಧ್ಯಾಯದಲ್ಲಿ. ಅಂದರೆ ದುಡಿಮೆ ಶಿಕ್ಷೆಯಲ್ಲ, ಶಿಕ್ಷೆಗೆ ಮೊದಲೇ ಇದ್ದದ್ದು. ನಮ್ಮ ಶರಣರ ಕಾಯಕವನ್ನು ಬಲ್ಲವರಿಗೆ ಇದು ಹತ್ತಿರದ ಮಾತು. ಅಲ್ಲಿಯೂ ಕಾಯಕ ದಾಸೋಹಕ್ಕೆ ಸಲ್ಲದೆ ಪೂರ್ತಿಯಾಗುವುದಿಲ್ಲ.

ಯಾಜಕಕಾಂಡ ಇನ್ನೂ ನೇರ. ಭೂಮಿ ದೇವರದು, ಶಾಶ್ವತವಾಗಿ ಮಾರಬಾರದು, ಏಳನೇ ವರ್ಷ ಬೀಳು ಬಿಡಬೇಕು ಎನ್ನುತ್ತದೆ 25ನೇ ಅಧ್ಯಾಯ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡು ಎನ್ನುತ್ತದೆ 19ನೆಯದು. ಕಡಲೆಕಾಯಿ ಕಿತ್ತ ಹೊಲದಲ್ಲಿ ಮತ್ತೆ ಮಣ್ಣು ಕೆದಕಿ ಕಾಯಿ ಆಯುವುದು ನಮ್ಮಲ್ಲಿಯೂ ಹಕ್ಕಲೇ. ತೆಲುಗು ಮನೆಮಾತಿನವರು ಪರಿಗೆ ಎನ್ನುತ್ತಾರೆ.

ಈಗ ಪಾವಗಡಕ್ಕೆ ಬನ್ನಿ. ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕು 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಜಮೀನು ಮಾರಾಟವಾಗಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಬರದ ಮೇಲೆ ಬರ, ಫ್ಲೋರೈಡ್ ನೀರು ಕಂಡ ರೈತನಿಗೆ ಇದು ಸಣ್ಣ ಆಸರೆಯಲ್ಲ. ಹೊಗೆಯಿಲ್ಲದ ವಿದ್ಯುತ್ತಂತೂ ಸೃಷ್ಟಿಯನ್ನು ಕಾಯುವ ಕೆಲಸವೇ ಸರಿ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವನಿಗೆ. ಕಳೆ ಕಿತ್ತು, ಕಾಯಿ ಬಿಡಿಸಿ, ಹಕ್ಕಲಾಯ್ದು ಬದುಕಿದ ಕೂಲಿಯವಳ ಹೆಸರು ಪಹಣಿಯಲ್ಲಿ ಎಂದೂ ಇರಲಿಲ್ಲ. ಸೌರಫಲಕದ ಕೆಳಗೆ ಹಕ್ಕಲು ಬೀಳುವುದಿಲ್ಲ. ಫಲಕ ಒರೆಸುವ, ಹುಲ್ಲು ಸವರುವ ಕೆಲಸದಲ್ಲಿ ಭೂಮಿಯಿಲ್ಲದವರಿಗೇ ಮೊದಲ ಹಕ್ಕು, ಅವರ ಕುರಿಗಳಿಗೆ ಫಲಕಗಳ ನಡುವಿನ ಮೇವು ಎಂದು ಮನೆವಾರ್ತೆಯವನಾದರೆ ಕರಾರಿನಲ್ಲಿ ಬರೆಸುತ್ತಿದ್ದ. ಮುಂದೆ ಎಲ್ಲಿಯಾದರೂ ಇಂಥ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಗ್ರಾಮಸಭೆಯಲ್ಲಿ ಅದನ್ನು ಕೇಳಲು ಯಾರ ಅಡ್ಡಿಯೂ ಇಲ್ಲ.