ಹೊರಡದ ಕಾರಿನ ನಿದಾನ

ವೈದ್ಯಶಾಸ್ತ್ರದಲ್ಲಿ ‘ನಿದಾನ’ ಎಂಬುದೊಂದು ಮಾತುಂಟು. ರೋಗದ ಮೂಲಕಾರಣವನ್ನು ಗೊತ್ತುಮಾಡುವುದು ಎಂದು ಅದರ ಅರ್ಥ. ಚಿಕಿತ್ಸೆಯ ಮಾತು ಅದಾದ ಮೇಲೆ. ಈ ಕ್ರಮ ದೇಹಕ್ಕೆ ಸಲ್ಲುವಂತೆ ಹಳೆಯ ಮೋಟಾರುಗಾಡಿಗೂ ಸಲ್ಲುತ್ತದೆ. 1958ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕಾರ್ಬುರೇಟರ್ ಉಳ್ಳ ಅದರ ಹಳೆಯ ಪೆಟ್ರೋಲ್ ಗಾಡಿಗಳು ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿವೆ. ಅಂಥ ಗಾಡಿ ಒಂದು ದಿನ ಹೊರಡಲೊಲ್ಲದೆ ಹಟ ಹಿಡಿಯಿತೆನ್ನಿ. ಮನೆಯವರು ಕಾರ್ಬುರೇಟರನ್ನು ಬಿಚ್ಚಿಸುತ್ತಾರೆ, ಪ್ಲಗ್ಗುಗಳನ್ನು ಬದಲಿಸುತ್ತಾರೆ, ಬೇಸತ್ತು ಕೊನೆಗೆ ಗುಜರಿಗೆ ಕೊಟ್ಟುಬಿಡುತ್ತಾರೆ. ಕೆಟ್ಟಿದ್ದುದು ಒಂದು ಪುಟ್ಟ ಕಂಡೆನ್ಸರ್ ಮಾತ್ರ ಇರಬಹುದು.

ಎಂಜಿನ್ ಜೀವ ತಳೆಯಲು ಮುಖ್ಯವಾಗಿ ಮೂರು ಕೂಡಬೇಕು: ಅದು ತಿರುಗಬೇಕು, ಕಿಡಿ ಹಾರಬೇಕು, ಪೆಟ್ರೋಲು ಗಾಳಿಯೊಡನೆ ಹದವಾಗಿ ಬೆರೆಯಬೇಕು. ಪ್ರಶ್ನೆಗಳನ್ನೂ ಇದೇ ಕ್ರಮದಲ್ಲಿ ಕೇಳಬೇಕು.

ಮೊದಲು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಕುಗ್ಗಿ ಎಂಜಿನ್ ನರಳಿದರೆ ಬ್ಯಾಟರಿ ಸೊರಗಿರಬೇಕು, ಇಲ್ಲವೆ ಅದರ ಟರ್ಮಿನಲ್ಲುಗಳಿಗೆ ಕಿಲುಬು ಹಿಡಿದಿರಬೇಕು. ಬೆಳಕು ಕುಗ್ಗದೆ ಎಂಜಿನ್ನೂ ಅಲುಗದಿದ್ದರೆ ದೋಷವನ್ನು ಸೆಲ್ಫಿನಲ್ಲಿ, ಅದರ ತಂತಿಗಳಲ್ಲಿ ಹುಡುಕತಕ್ಕದ್ದು.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಒಂದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಪ್ಲಗ್ಗು ಎರಡು ಸಾಕ್ಷ್ಯಗಳನ್ನು ನುಡಿಯುತ್ತದೆ. ಮೊದಲನೆಯದು ಕಿಡಿಯದು. ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಲೋಹದ ಮೈ ಎಂಜಿನ್ನಿಗೆ ತಾಗುವಂತೆ, ಬಿಚ್ಚಿದ ರಂಧ್ರದಿಂದ ದೂರವಿರಿಸಿ ಸೆಲ್ಫ್ ಹೊಡೆಸಬೇಕು. ಪೆಟ್ರೋಲಿನ ವಾಸನೆ ಹರಡಿದ್ದರೆ ಈ ಪರೀಕ್ಷೆ ಕೂಡದು. ತಂತಿಯನ್ನು ಬರಿಗೈಯಲ್ಲಿ ಹಿಡಿಯಲೂಬಾರದು. ನೀಲಿ ಕಿಡಿ ಚಟಪಟನೆ ಹಾರಿದರೆ ಒಳ್ಳೆಯದು. ಹಳದಿಯಾಗಿ ಸೊರಗಿದ್ದರೆ, ಇಲ್ಲವೆ ಹಾರದೆಯೇ ಇದ್ದರೆ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಕೂತ ತೇವವೇ ಕಿಡಿಯನ್ನು ನುಂಗುವುದುಂಟು. ಒಣಬಟ್ಟೆಯಿಂದ ಒರೆಸಿದರೆ ಸಾಕು. ಪಾಯಿಂಟುಗಳ ನಡುವಣ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಅವು ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರನ್ನು ಶಂಕಿಸಬೇಕು.

ಎರಡನೆಯ ಸಾಕ್ಷ್ಯ ಪೆಟ್ರೋಲಿನದು. ಹಲವು ಸಲ ಸೆಲ್ಫ್ ಹೊಡೆದ ಮೇಲೂ ಪ್ಲಗ್ಗಿನ ತುದಿ ಒಣಗಿಯೇ ಇದ್ದರೆ ಪೆಟ್ರೋಲು ಏರುತ್ತಿಲ್ಲ. ಟ್ಯಾಂಕು, ಪಂಪು, ಕಾರ್ಬುರೇಟರಿನ ಜೆಟ್ಟುಗಳನ್ನು ಆ ಕ್ರಮದಲ್ಲಿ ನೋಡಬೇಕು. ಒದ್ದೆಯಾಗಿದ್ದರೆ ಅದು ಅತಿಯಾಗಿದೆ. ಬಿಸಿ ಎಂಜಿನ್ನಿಗೂ ಚೋಕ್ ಎಳೆಯುವ ಆತುರಗಾರರಿಗೆ ಇದು ಸಾಮಾನ್ಯ. ಪ್ಲಗ್ಗನ್ನು ಒರೆಸಿ ಕೂರಿಸಿ, ಚೋಕನ್ನು ಒಳಕ್ಕೊತ್ತಿ, ಅಕ್ಸಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರೆ ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲನ್ನು ಹೊರದೂಡುತ್ತದೆ. ಬೇಸಿಗೆಯಲ್ಲಿ ಘಟ್ಟವೇರಿದ ಕಾರು ನಿಂತುಹೋದರೆ ಕಾರಣ ಬೇರೆ: ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿರುತ್ತದೆ. ಹಿಂದಿನ ಡ್ರೈವರುಗಳು ಪಂಪಿಗೆ ಒದ್ದೆಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸಬಲ್ಲದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಹಳಸಿದ ಪೆಟ್ರೋಲನ್ನೇ ಮೊದಲು ಶಂಕಿಸಬೇಕು.

ಇಷ್ಟರಲ್ಲಿ ಒಂದು ನಿಯಮವನ್ನು ಮರೆಯಲಾಗದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗಾಡಿ ಹೊರಟರೂ ಕಾರಣ ತಿಳಿಯದು. ನಾಳೆ ಮತ್ತೆ ಕೈಕಟ್ಟಿ ನಿಲ್ಲುತ್ತಾನೆ. ನಿದಾನಕ್ಕೆ ನಿಧಾನವೂ ಬೇಕು.

ಹೊಸ ಕಾರುಗಳಲ್ಲಿ ಗಣಕಯಂತ್ರವೇ ಹಲವು ದೋಷಗಳನ್ನು ಸೂಚಿಸುತ್ತದೆ. ಹಳೆಯ ಕಾರಾದರೋ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆ ಪ್ರಶ್ನೆಗಳನ್ನು ಕೇಳಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ವಿರಳರಾಗುತ್ತಿದ್ದಾರೆ. ಅಂಥವರೊಬ್ಬರು ನಿಮ್ಮ ಊರಿನಲ್ಲಿದ್ದರೆ, ಒಂದು ದಿನ ನಿಮ್ಮ ಮಕ್ಕಳನ್ನು ಅವರ ಪಕ್ಕದಲ್ಲಿ ನಿಲ್ಲಿಸಿ. ತರ್ಕಶಾಸ್ತ್ರದ ಮೊದಲ ಪಾಠ ಅಲ್ಲಿಯೇ ಆದೀತು.