ಬಿಟ್ಟ ಆಟ



ಹೈದರಾಬಾದಿನ ಅಬಿಡ್ಸ್‌ನ ಈ ಸಭಾಂಗಣದಿಂದ ಹೊರಬಿದ್ದು ನಿಜಾಂ ಕಾಲೇಜಿನ ಕಡೆ ನಡೆದರೆ ಫತೇ ಮೈದಾನ ಸಿಗುತ್ತದೆ. 1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಗೆದ್ದದ್ದರ ನೆನಪು ಆ ಹೆಸರಿನಲ್ಲಿದೆ. ಫತೇ ಎಂದರೆ ಜಯ. ಈಗ ಅದು ಲಾಲ್ ಬಹದ್ದೂರ್ ಸ್ಟೇಡಿಯಂ. ಅಲ್ಲಿನ ಶಟಲ್ ಅಂಕಣದಲ್ಲಿ ಮಕ್ಕಳನ್ನು ಪಳಗಿಸಿದ ಸೈಯದ್ ಮೊಹಮ್ಮದ್ ಆರಿಫ್, ಎಲ್ಲರ ಬಾಯಲ್ಲೂ ‘ಆರಿಫ್ ಸಾಬ್’, ಇವತ್ತಿನ ನನ್ನ ಮಾತಿನ ವಸ್ತು.

1944ರಲ್ಲಿ ಹುಟ್ಟಿದ ಆರಿಫ್ ಕಾಲೇಜಿನಲ್ಲಿ ಕ್ರಿಕೆಟ್ಟೂ ಆಡಿದರು, ಬ್ಯಾಡ್ಮಿಂಟನ್ನೂ ಆಡಿದರು. ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಎಂದು ನಮ್ಮ ಮನೆಗಳಲ್ಲಿ ಬೈಸಿಕೊಳ್ಳುವುದು ಇಂಥ ಹುಡುಗರೇ. ಕೊನೆಗೆ ಅವರು ಒಂದು ದೋಣಿ ಬಿಟ್ಟರು, ಕ್ರಿಕೆಟ್ಟನ್ನು. ಆದರೆ ಬಿಟ್ಟ ಆಟ ಮೈಯನ್ನು ಬಿಡುವುದಿಲ್ಲ. ಬೌಂಡರಿಯಿಂದ ಚೆಂಡೆಸೆಯುವವನ ಭುಜ, ಮೊಣಕೈ, ಮುಂಗೈ ಒಂದರ ಹಿಂದೊಂದು ತಿರುಗುತ್ತವಲ್ಲ, ತಲೆಯ ಮೇಲಿಂದ ಸ್ಮ್ಯಾಶ್ ಹೊಡೆಯುವವನ ತೋಳೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ತಿರುಗುತ್ತದೆ. ಹೊಸಬರಿಗೆ ರ‍್ಯಾಕೆಟ್ ಕೊಡುವ ಮೊದಲು ಎಸೆಯುವುದನ್ನು ಹೇಳಿಕೊಡುವ ಕೋಚ್‌ಗಳಿರುವುದು ಸುಮ್ಮನೆ ಅಲ್ಲ. ಇನ್ನೊಂದು ಲಾಭವೂ ಉಂಟು. ಒಂದು ಆಟದಲ್ಲಿ ಪಳಗಿದವನು ಇನ್ನೊಂದಕ್ಕೆ ಕೈಹಾಕಿದಾಗ ಮತ್ತೆ ಮೊದಲ ದಿನದ ದಡ್ಡನಾಗುತ್ತಾನೆ. ಆ ದಡ್ಡತನ ನೆನಪಿದ್ದವನೇ ಒಳ್ಳೆಯ ಮೇಷ್ಟ್ರು.

ಆರಿಫ್ ಎರಡನೆಯ ಸಲ ಬಿಟ್ಟದ್ದು ತಮ್ಮದೇ ಆಟವನ್ನು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ತರಬೇತಿ ಪಡೆದು ಕೋಚ್ ಆದರು. 2000ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ ಬಂದವು. ಪುಲ್ಲೇಲ ಗೋಪಿಚಂದ್, ಜ್ವಾಲಾ ಗುಟ್ಟಾ, ಸೈನಾ ನೆಹ್ವಾಲ್ ಇವರೆಲ್ಲ ಆರಿಫ್ ಕೈಕೆಳಗೆ ಕಲಿತವರು.

ಗೋಪಿಯೂ ಕ್ರಿಕೆಟ್ ಹುಚ್ಚಿನ ಹುಡುಗನೇ; ಅಣ್ಣನ ಒತ್ತಾಯಕ್ಕೆ ಶಟಲ್ ಹಿಡಿದವರು. ಆರಿಫ್ ಬಳಿ ಕಲಿತ ಮೇಲೆ ಅವರು ಹೋದದ್ದು ನಮ್ಮ ಬೆಂಗಳೂರಿಗೆ, ಪ್ರಕಾಶ್ ಪಡುಕೋಣೆಯವರ ಅಕಾಡೆಮಿಗೆ. ಪ್ರಕಾಶ್ ಸ್ವತಃ ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲ್‌ನಲ್ಲಿ ಆಡಿ ಬೆಳೆದವರು. ಮದುವೆ ಇದ್ದ ದಿನ ಅಭ್ಯಾಸಕ್ಕೆ ರಜೆ. 1980ರಲ್ಲಿ ಪ್ರಕಾಶ್ ಗೆದ್ದ ಆಲ್ ಇಂಗ್ಲೆಂಡ್ ಪಟ್ಟವನ್ನು 2001ರಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ ಗೋಪಿ ಗೆದ್ದರು. ಆ ಗೆಲುವು ಹೈದರಾಬಾದಿನದೋ ಬೆಂಗಳೂರಿನದೋ? ಇಲ್ಲಿ ಕುಳಿತ ನಮ್ಮಂಥ ಎರಡೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. ಬಿತ್ತಿದ್ದು ಇಲ್ಲಿ, ಮಾಗಿದ್ದು ಅಲ್ಲಿ ಎನ್ನೋಣ.

ಶಿಷ್ಯನನ್ನು ಬಿಡುವುದು ಮೂರನೆಯ ಬಿಡುವಿಕೆ, ಮೇಷ್ಟ್ರಿಗೆ ಎಲ್ಲಕ್ಕಿಂತ ಕಷ್ಟದ್ದು. ಗೋಪಿಗೂ ಅದರ ಸರದಿ ಬಂತು. ತಾವೂ ಕೋಚ್ ಆಗಿ, ಮನೆ ಅಡವಿಟ್ಟು ಗಚ್ಚಿಬೌಲಿಯಲ್ಲಿ ಅಕಾಡೆಮಿ ಕಟ್ಟಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯೆ ಸೈನಾ ಕಂಚು ತಂದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2014ರಲ್ಲಿ, ಅದೇ ಸೈನಾ ಬೆಂಗಳೂರಿನ ಕೋಚ್ ವಿಮಲ್ ಕುಮಾರ್ ಬಳಿಗೆ ಹೊರಟರು. ಮರುವರ್ಷ ವಿಶ್ವದ ಒಂದನೇ ಸ್ಥಾನಕ್ಕೇರಿದರು. 2017ರಲ್ಲಿ ಮತ್ತೆ ಗೋಪಿಯ ಅಂಗಳಕ್ಕೇ ಬಂದರು. ಬಾಗಿಲು ತೆರೆದೇ ಇತ್ತು. ಅಷ್ಟರಲ್ಲಿ ಅದೇ ಅಂಗಳದ ಪಿ.ವಿ. ಸಿಂಧು ರಿಯೋದಿಂದ ಬೆಳ್ಳಿ ತಂದಾಗಿತ್ತು. ಸಿಂಧುವಿನ ತಂದೆತಾಯಿ ಇಬ್ಬರೂ ವಾಲಿಬಾಲ್ ಆಟಗಾರರು; ಮಗಳು ತಮ್ಮ ಆಟವನ್ನೇ ಆಡಲೆಂದು ಹಟ ಹಿಡಿದವರಲ್ಲ.

ಇಲ್ಲಿರುವ ತಂದೆತಾಯಂದಿರಲ್ಲಿ ನನ್ನದೊಂದೇ ಕೋರಿಕೆ. ಮಗ ಕಾಲೇಜಿನಲ್ಲಿ ಎರಡು ಆಟದ ಬೂಟು ಕೇಳಿದರೆ ಗದರಬೇಡಿ. ಒಂದನ್ನು ಅವನೇ ಬಿಡುತ್ತಾನೆ. ಯಾವುದನ್ನು, ಯಾವಾಗ ಎಂಬುದನ್ನು ಅವನಿಗೇ ಬಿಡಿ.